ಮುಳ್ಳುಹೊನಗೊನೆ

ಮುಳ್ಳುಹೊನಗೊನೆಯು ಅಮರಾಂತೇಸೀ ಕುಟುಂಬಕ್ಕೆ ಸೇರಿದ, ನೆಲಕ್ಕೆ ಅಂಟಿಕೊಂಡು ಹರಡುವ ಒಂದು ಬಹುವಾರ್ಷಿಕ ಕಳೆ. ಇದರ ವೈಜ್ಞಾನಿಕ ಹೆಸರು ಆಲ್ಟರ್ನಾಂಥೆರ ಪಂಜೆನ್ಸ್. ತೌರು ಉಷ್ಣವಲಯದ ಅಮೆರಿಕ. ಅಲ್ಲಿಂದ ಹೊರಟು ಇದು ಆಫ್ರಿಕ, ಆಸ್ಟ್ರೇಲಿಯ ಮತ್ತು ಏಷ್ಯಗಳ ಬೆಚ್ಚನೆಯ ಪ್ರದೇಶಗಳಲ್ಲಿ ನೆಲೆಯೂರಿದೆ. ಕರ್ನಾಟಕದಲ್ಲಿ ಮನೆಯಂಗಳ, ಹುಲ್ಲುಹಾಸಿನ ಅಂಚು, ಶಾಲೆಯ ಆಟದ ಬಯಲು, ಕಾಲುದಾರಿ, ರಸ್ತೆಬದಿಯ ಗಟ್ಟಿ ನೆಲಗಳಲ್ಲಿ ಕಂಡುಬರುತ್ತದೆ. ಸೊಪ್ಪಾಗಿ ಬಳಸುವ ಹೊನಗೊನೆಯ ಹತ್ತಿರದ ಬಂಧುವಾದ ಇದರಲ್ಲಿ ಹೂಗಳು ಒಣಗಿದಂತೆ ಚೂಪಾದ ಮುಳ್ಳುಗುಂಡುಗಳಾಗುತ್ತವೆ. ಬರಿಗಾಲಿನಲ್ಲಿ ಅಂಗಳಕ್ಕೆ ಇಳಿದವರಿಗೆ ಗಿಡದ ಪರಿಚಯ ಮೊದಲು ಆಗುವುದು ಸಾಮಾನ್ಯವಾಗಿ ಅಂಗಾಲಿನಿಂದ. ಆದರೆ ಮುಳ್ಳು ಮೂಡಿದ ಮೇಲೆ ಗುರುತಿಸಿದರೆ ತಡವಾಗಿರುತ್ತದೆ. ಅಷ್ಟರಲ್ಲಿ ಬೇರು ಆಳಕ್ಕೆ ಇಳಿದು, ಬೀಜ ನೆಲಕ್ಕೆ ಉದುರಿರುತ್ತದೆ. ಮುಳ್ಳಿಲ್ಲದ ಎಳೆಯ ಗಿಡವನ್ನು ಅಡುಗೆಯ ಸೊಪ್ಪುಗಳಿಂದ ಬೇರ್ಪಡಿಸಿ ಗುರುತಿಸುವುದು ಈ ಕಾರಣದಿಂದ ಮುಖ್ಯವಾಗುತ್ತದೆ.

ಹೆಸರು

ಆಲ್ಟರ್ನಾಂಥೆರ ಎಂಬ ಜಾತಿಯ ಹೆಸರನ್ನು ಫೋರ್ಸ್ಕಾಲ್ ಎಂಬ ಸಸ್ಯವಿಜ್ಞಾನಿ ನೀಡಿದ. 1775ರಲ್ಲಿ ಅದು ಪ್ರಕಟವಾಯಿತು. ಹೂವಿನೊಳಗೆ ಪರಾಗವುಳ್ಳ ಕೇಸರಗಳೂ ಪರಾಗವಿಲ್ಲದ ಬರಡು ಕೇಸರದಂಥ ಭಾಗಗಳೂ ಒಂದರ ಪಕ್ಕ ಒಂದರಂತೆ ಬರುವುದನ್ನು ಈ ಹೆಸರು ಸೂಚಿಸುತ್ತದೆ. ಪಂಜೆನ್ಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಚುಚ್ಚುವುದು. ಹಂಬೋಲ್ಟ್ ಮತ್ತು ಬೋನ್‌ಪ್ಲಾಂಡ್ ಅಮೆರಿಕದ ತಮ್ಮ ದೀರ್ಘ ಪ್ರವಾಸದಲ್ಲಿ ಸಂಗ್ರಹಿಸಿದ ಸಸ್ಯಗಳನ್ನು ವಿವರಿಸುತ್ತ ಕುಂತ್ ಎಂಬ ಜರ್ಮನ್ ಸಸ್ಯವಿಜ್ಞಾನಿ 1818ರಲ್ಲಿ ಈ ಹೆಸರನ್ನು ಬಳಕೆಗೆ ತಂದ.

ಗಿಡ ಅದಕ್ಕೂ ಮೊದಲೇ ಯುರೋಪಿಗೆ ಪರಿಚಿತವಾಗಿತ್ತು. ಲಿನೇಯಸ್ 1753ರಲ್ಲಿ ಇದನ್ನು ಅಕಿರಾಂಥಿಸ್ ರೆಪೆನ್ಸ್ ಎಂದು, ಅಂದರೆ ಉತ್ತರಾಣಿಯ ಜಾತಿಗೆ ಸೇರಿಸಿ, ಹೆಸರಿಸಿದ್ದ. ಆ ಹೆಸರಿನ ಉತ್ತರಾರ್ಧವನ್ನು ಆಲ್ಟರ್ನಾಂಥೆರಕ್ಕೆ ಜೋಡಿಸೋಣವೆಂದರೆ ಆಲ್ಟರ್ನಾಂಥೆರ ರೆಪೆನ್ಸ್ ಎಂಬುದು ಅಷ್ಟರಲ್ಲಿ ಬೇರೊಂದು ಸಸ್ಯಕ್ಕೆ ಸಂದುಹೋಗಿತ್ತು. ಹೀಗಾಗಿ ಕುಂತ್ ಕೊಟ್ಟ ಹೆಸರೇ ಉಳಿಯಿತು. ಹಳೆಯ ಸಸ್ಯಗ್ರಂಥಗಳಲ್ಲಿ ಆಲ್ಟರ್ನಾಂಥೆರ ರೆಪೆನ್ಸ್, ಆಲ್ಟರ್ನಾಂಥೆರ ಎಕಿನಾಟ ಎಂಬ ಹೆಸರುಗಳೂ ಸಿಗುತ್ತವೆ. ಓದುವವರು ಅವನ್ನು ಬೇರೆ ಬೇರೆ ಗಿಡಗಳೆಂದು ತಿಳಿಯಬಾರದು.

ಇಂಗ್ಲಿಷಿನಲ್ಲಿ ಇದನ್ನು ಖಾಕಿ ವೀಡ್ ಎನ್ನುತ್ತಾರೆ. ಗಿಡದ ಬಣ್ಣಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಕುದುರೆಗಳಿಗಾಗಿ ದಕ್ಷಿಣ ಅಮೆರಿಕದಿಂದ ತರಿಸಿದ ಮೇವಿನೊಡನೆ ಇದರ ಬೀಜ ಬಂದು, ಖಾಕಿ ಉಡುಪಿನ ಸೈನಿಕರ ಬಿಡಾರಗಳ ಸುತ್ತ ಹಬ್ಬಿತು ಎಂಬುದು ಪ್ರಚಲಿತ ವಿವರಣೆ. ಆಫ್ರಿಕಾನ್ಸ್ ಭಾಷೆಯಲ್ಲಿ ಇದಕ್ಕಿರುವ ಹೆಸರಿನ ಅರ್ಥವೂ ಖಾಕಿ ಮುಳ್ಳು ಎಂದೇ. ಅದೇ ಯುದ್ಧದ ನೆನಪನ್ನು ಹೆಸರಿನಲ್ಲಿ ಹೊತ್ತ ಖಾಕಿ ಬುಷ್ ಎಂಬ ಇನ್ನೊಂದು ಅಮೆರಿಕನ್ ಸಸ್ಯವೂ ಅಲ್ಲಿದೆ. ಅದು ಚೆಂಡುಹೂವಿನ ಜಾತಿಯ, ಎತ್ತರವಾಗಿ ಬೆಳೆಯುವ, ಘಾಟು ವಾಸನೆಯ ಗಿಡ. ಎರಡಕ್ಕೂ ಹೆಸರಿನಾಚೆ ಹೋಲಿಕೆಯಿಲ್ಲ.

ಸಸ್ಯದ ವಿವರಣೆ

ಗಿಡದ ನಡುವೆ ದಪ್ಪನೆಯ, ವಯಸ್ಸಾದಂತೆ ಮರದಂತೆ ಗಟ್ಟಿಯಾಗುವ ತಾಯಿಬೇರಿದೆ. ಬೇರಿನ ತಲೆಯಿಂದ ಹಲವು ಕಾಂಡಗಳು ಚಕ್ರದ ಅರೆಕಾಲುಗಳಂತೆ ಎಲ್ಲ ದಿಕ್ಕಿಗೂ ಹೊರಟು ನೆಲದ ಮೇಲೆಯೇ ಚಾಚಿಕೊಳ್ಳುತ್ತವೆ. ಇವುಗಳ ಉದ್ದ ಸಾಮಾನ್ಯವಾಗಿ 10ರಿಂದ 50 ಸೆಂಟಿಮೀಟರ್. ಗೆಣ್ಣುಗಳಲ್ಲಿ ಹೊಸ ಬೇರು ಬಿಡುವುದರಿಂದ ಕಾಂಡ ಅಲ್ಲಲ್ಲಿ ನೆಲಕ್ಕೆ ಹೊಲಿದಂತೆ ಕೂರುತ್ತದೆ. ಎಳೆಯ ಕಾಂಡದ ಮೇಲೆ ಬಿಳಿಯ ರೋಮಗಳು ದಟ್ಟವಾಗಿರುತ್ತವೆ. ಬಿಸಿಲಿಗೆ ಬಿದ್ದ ಕಾಂಡ ಕೆಂಪು ಛಾಯೆ ತಳೆಯುವುದುಂಟು.

ಎಲೆಗಳದು ಅಭಿಮುಖ ಜೋಡಣೆ, ಅಂದರೆ ಪ್ರತಿ ಗೆಣ್ಣಿನಲ್ಲೂ ಎದುರುಬದುರಾಗಿ ಎರಡು. ಒಂದೇ ಜೋಡಿಯ ಈ ಎರಡು ಎಲೆಗಳು ಅಳತೆಯಲ್ಲಿ ಸಮವಾಗಿರುವುದಿಲ್ಲ. ಒಂದು ದೊಡ್ಡದು, ಇನ್ನೊಂದು ಚಿಕ್ಕದು. ಆಕಾರ ಅಂಡದಂತೆ ಅಥವಾ ಹೆಚ್ಚುಕಡಿಮೆ ದುಂಡಗೆ, ತುದಿ ಮೊಂಡು, ಬುಡ ಸಣ್ಣಗಾಗುತ್ತ ಕಿರುತೊಟ್ಟಿನಲ್ಲಿ ಸೇರುತ್ತದೆ. ಉದ್ದ ಸುಮಾರು 1ರಿಂದ 4.5 ಸೆಂಟಿಮೀಟರ್. ಅಂಚಿನಲ್ಲಿ ಹಲ್ಲುಗಳಿಲ್ಲ.

ಹೂಗೊಂಚಲುಗಳು ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಕಾಂಡಕ್ಕೆ ಒತ್ತಿಕೊಂಡಿರುತ್ತವೆ. ಒಂದೊಂದು ಕಂಕುಳಲ್ಲಿ ಒಂದರಿಂದ ಮೂರು ಗುಂಡುಗಳು. ಎಳೆಯದರಲ್ಲಿ ಹಸಿರು ಮಿಶ್ರಿತ ಬಿಳುಪು, ಬಲಿತಾಗ ಹುಲ್ಲಿನ ಒಣ ಬಣ್ಣ. ಹೂಗಳಿಗೆ ಬಣ್ಣದ ದಳಗಳಿಲ್ಲ. ಪುಷ್ಪಪಾತ್ರೆ ಮತ್ತು ದಳವೃತ್ತ ಎಂಬ ಭೇದವಿಲ್ಲದೆ ಐದು ಎಸಳುಗಳಷ್ಟೇ ಇವೆ. ಒಂದೇ ಹೂವಿನ ಈ ಐದು ಎಸಳುಗಳು ಮೂರು ಬಗೆಯವು. ಹೊರಗಿನ ಎರಡು ಸುಮಾರು 5 ಮಿಲಿಮೀಟರ್ ಉದ್ದ, ಬಿರುಸು. ಅವುಗಳ ನಡುನರ ತುದಿಯನ್ನು ದಾಟಿ ಮುಂದೆ ಚಾಚಿ ಮುಳ್ಳಾಗುತ್ತದೆ. ಒಳಗಿನ ಒಂದು ಎಸಳು ಚಪ್ಪಟೆ, ಮೊಂಡು ತುದಿಯದು. ಪಕ್ಕದ ಎರಡು ಎಲ್ಲಕ್ಕಿಂತ ಚಿಕ್ಕವು, ಮಡಿಚಿದಂತಿದ್ದು, ಬೆನ್ನಿನ ಮೇಲೆ ಬಿಳಿಯ ರೋಮದ ಕುಚ್ಚನ್ನು ಹೊತ್ತಿರುತ್ತವೆ. ಈ ರೋಮಗಳಿಗೆ ಸೂಕ್ಷ್ಮವಾದ ಕೊಕ್ಕೆಗಳಿವೆ. ಮುಳ್ಳು ಚುಚ್ಚುತ್ತದೆ, ಕೊಕ್ಕೆರೋಮ ಹಿಡಿದುಕೊಳ್ಳುತ್ತದೆ. ಕಾಲಿಗೋ ಬಟ್ಟೆಗೋ ಹತ್ತಿದ ಗುಂಡನ್ನು ಕಿತ್ತು ಎಸೆದರೂ ಅದರ ಚೂರುಗಳು ಉಳಿಯುವುದು ಈ ಎರಡರ ಕೂಟದಿಂದ.

ಹೂವಿನಲ್ಲಿ ಐದು ಕೇಸರಗಳಿದ್ದು ಐದರಲ್ಲೂ ಪರಾಗಕೋಶವಿದೆ. ಕಾಯಿಯೊಳಗೆ ಒಂದೇ ಬೀಜ. ಅದು ಕಂದು ಬಣ್ಣದ, ಹೊಳಪುಳ್ಳ, ಮಸೂರದ ಆಕಾರದ ಕಾಳು. ಅಡ್ಡಳತೆ 1 ಮಿಲಿಮೀಟರಿಗೆ ತುಸು ಹೆಚ್ಚು. ಕಾಯಿ ಒಡೆದು ಬೀಜ ಹೊರಬೀಳುವುದಿಲ್ಲ. ಮುಳ್ಳಿನ ಎಸಳುಗಳ ಕವಚದೊಂದಿಗೇ ಗಿಡದಿಂದ ಕಳಚಿಕೊಳ್ಳುತ್ತದೆ.

ಗುರುತಿಸುವಿಕೆ

ಹಳೆಯ ಮೈಸೂರು ಸೀಮೆಯಲ್ಲಿ ಹೊಲದ ಬದುಗಳಲ್ಲಿ ತಾನಾಗಿ ಬೆಳೆದ ಹಲವು ಬಗೆಯ ಸೊಪ್ಪುಗಳನ್ನು ಒಟ್ಟಿಗೆ ಕೊಯ್ದು ಬಸ್ಸಾರು, ಮಸ್ಸೊಪ್ಪು ಮಾಡುವ ರೂಢಿಯಿದೆ. ಬೆರಕೆ ಸೊಪ್ಪು ಎಂಬ ಹೆಸರೇ ಇದಕ್ಕಿದೆ. ಹೊನಗೊನೆ, ಅಣ್ಣೆ, ಗೋಣಿ, ಕೊಮ್ಮೆಗಳು ಈ ಬೆರಕೆಯಲ್ಲಿ ಸೇರುವ ಸೊಪ್ಪುಗಳು. ತಲೆಮಾರುಗಳಿಂದ ಕೊಯ್ದು ಬಂದವರ ಕಣ್ಣು ಸುಲಭವಾಗಿ ತಪ್ಪುವುದಿಲ್ಲ. ಪುಸ್ತಕದ ಚಿತ್ರವನ್ನೋ ಮೊಬೈಲಿನ ಫೋಟೋವನ್ನೋ ನಂಬಿ ಕೈತೋಟದಲ್ಲಿ ಸೊಪ್ಪು ಹುಡುಕುವವರಿಗೆ ಮಾತ್ರ ಮುಳ್ಳುಹೊನಗೊನೆ ಎರಡು ಕಡೆಯಿಂದ ಗೊಂದಲ ಒಡ್ಡುತ್ತದೆ: ಕಂಕುಳಿನ ಬಿಳಿ ಗುಂಡುಗಳಿಂದ ಹೊನಗೊನೆಯಂತೆಯೂ, ದುಂಡನೆಯ ಅಸಮ ಎಲೆಗಳಿಂದ ಕೊಮ್ಮೆಯಂತೆಯೂ ಕಾಣುತ್ತದೆ.

ಹೊನಗೊನೆಯೊಂದಿಗೆ, ಅಂದರೆ ಆಲ್ಟರ್ನಾಂಥೆರ ಸೆಸಿಲಿಸ್‌ನೊಂದಿಗೆ ಹೋಲಿಸುವಾಗ ಮೊದಲು ನೋಡಬೇಕಾದದ್ದು ಗಿಡ ನಿಂತ ನೆಲವನ್ನು. ಹೊನಗೊನೆ ತೇವ ಬಯಸುವ ಗಿಡ. ಗದ್ದೆಯ ಬದು, ಕಾಲುವೆಯಂಚು, ನಲ್ಲಿಯ ನೀರು ಹರಿಯುವ ಜಾಗ ಅದರ ನೆಲೆ. ಮುಳ್ಳುಹೊನಗೊನೆ ಒಣಗಿದ, ತುಳಿದು ಗಟ್ಟಿಯಾದ, ಬಿಸಿಲು ಬೀಳುವ ನೆಲದಲ್ಲೂ ಸಲೀಸಾಗಿ ಬೆಳೆಯುತ್ತದೆ. ಆದರೆ ಕೈತೋಟದಲ್ಲಿ ಇವೆರಡೂ ಒಂದಕ್ಕೊಂದು ತಾಗಿ ಬೆಳೆಯುವುದು ಅಪರೂಪವಲ್ಲ, ಹಾಗಾಗಿ ನೆಲವೊಂದನ್ನೇ ನಂಬುವಂತಿಲ್ಲ. ಎಲೆ ಹೆಚ್ಚು ಭರವಸೆಯ ಗುರುತು. ಹೊನಗೊನೆಯ ಎಲೆ ಸಾಮಾನ್ಯವಾಗಿ ನೀಳ, ಎರಡೂ ಕೊನೆಗಳಲ್ಲಿ ಸಣ್ಣಗಾಗುತ್ತದೆ, ಜೋಡಿಯ ಎರಡೆಲೆಗಳು ಹೆಚ್ಚುಕಡಿಮೆ ಸಮ. ಮುಳ್ಳುಹೊನಗೊನೆಯದು ದುಂಡು ಮತ್ತು ಅಸಮ. ಮುಂದಿನದು ಕಾಂಡದ ಪರೀಕ್ಷೆ. ಹೊನಗೊನೆಯ ಎಳೆಗಾಂಡವನ್ನು ಬೆಳಕಿಗೆ ಹಿಡಿದರೆ ರೋಮಗಳು ಎರಡು ಉದ್ದಗೆರೆಗಳಲ್ಲಿ ಮತ್ತು ಗೆಣ್ಣುಗಳಲ್ಲಿ ಮಾತ್ರ ಕಾಣುತ್ತವೆ, ಉಳಿದ ಮೈ ನುಣುಪು. ಮುಳ್ಳುಹೊನಗೊನೆಯ ಎಳೆಗಾಂಡದ ಮೈಯೆಲ್ಲ ರೋಮ. ಹೂಗುಂಡು ಮೂಡಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ. ಹೊನಗೊನೆಯ ಗುಂಡು ಹೊಳೆಯುವ ಬಿಳುಪಿನದು, ಬೆರಳಿನಲ್ಲಿ ಒತ್ತಿದರೆ ಒಣ ಕಾಗದದಂತೆ ಮೆತ್ತಗೆ ಕುಗ್ಗುತ್ತದೆ. ಅದರ ಐದೂ ಎಸಳುಗಳು ಒಂದೇ ಬಗೆಯವು, ಪರಾಗವುಳ್ಳ ಕೇಸರಗಳು ಮೂರು.

ಕೊಮ್ಮೆ ಅಥವಾ ಪುನರ್ನವ ಎಂದು ಕರೆಯುವ ಬೋರ್ಹಾವಿಯ ಡಿಫ್ಯೂಸದೊಂದಿಗಿನ ಹೋಲಿಕೆ ಇನ್ನೂ ಮೋಸದ್ದು. ಹೊನಗೊನೆಯಿಂದ ಬೇರ್ಪಡಿಸಲು ನೆರವಾದ ಅಸಮ ಎಲೆಜೋಡಿ, ದಪ್ಪ ತಾಯಿಬೇರು, ನೆಲಕ್ಕೆ ಒರಗಿದ ಕೆಂಪು ಕಾಂಡ, ಈ ಮೂರೂ ಕೊಮ್ಮೆಯಲ್ಲಿಯೂ ಇವೆ. ಇಲ್ಲಿ ಎಲೆಯನ್ನು ತಿರುವಿ ನೋಡಬೇಕು: ಕೊಮ್ಮೆಯ ಎಲೆಯ ಅಡಿಭಾಗ ಮೇಲ್ಭಾಗಕ್ಕಿಂತ ಸ್ಪಷ್ಟವಾಗಿ ಬಿಳಿಚಿರುತ್ತದೆ. ಹೂ ಬಂದಾಗ ಅವು ಕಂಕುಳಲ್ಲಿ ಒತ್ತಿಕೊಂಡು ಕೂರದೆ ಕವಲೊಡೆದ ತೆಳು ತೊಟ್ಟುಗಳ ತುದಿಯಲ್ಲಿ ಪುಟ್ಟ ಗುಲಾಬಿ ಅಥವಾ ನೇರಳೆಗೆಂಪು ಹೂಗಳಾಗಿ ತೋರುತ್ತವೆ. ಕೊಮ್ಮೆಯ ಕಾಯಿಯೂ ಬಟ್ಟೆಗೆ ಅಂಟುತ್ತದೆ, ಆದರೆ ಅದು ಗೋಂದಿನಂಥ ಅಂಟು, ಚುಚ್ಚುವುದಿಲ್ಲ. ಮುಳ್ಳುಹೊನಗೊನೆಯಲ್ಲಿ ಇನ್ನೂ ಮುಳ್ಳು ಮೂಡದ ಗಿಡವಾದರೂ ಮೂರು ನಾಲ್ಕು ಗೆಣ್ಣು ಬೆಳೆದಿದ್ದರೆ ಕಂಕುಳಲ್ಲಿ ಹಸಿರುಬಿಳುಪಿನ ಮೊಗ್ಗಿನ ಗುಂಡು ಸಿಗುವುದು ಹೆಚ್ಚು. ಕಂಕುಳನ್ನು ಬೆರಳಿನಿಂದ ಬಿಡಿಸಿ ನೋಡುವ ಅಭ್ಯಾಸವೊಂದಿದ್ದರೆ ಬಹುಪಾಲು ಗೊಂದಲ ಅಲ್ಲಿಯೇ ತೀರುತ್ತದೆ.

ಟ್ರೈಯಾಂಥಿಮ ಪೋರ್ಚುಲಕಾಸ್ಟ್ರಮ್ ಎಂಬ ಕಳೆಯಲ್ಲಿಯೂ ಅಸಮ ಎಲೆಜೋಡಿಗಳಿವೆ. ಅದರ ಎಲೆ ಕಾಂಡಗಳು ನೀರು ತುಂಬಿದಂತೆ ದಪ್ಪ, ಹೂಗಳು ಒಂಟಿಯಾಗಿ ಎಲೆಬುಡದ ಪೊರೆಯೊಳಗೆ ಹುದುಗಿರುತ್ತವೆ. ಕಾಲಿಗೆ ಚುಚ್ಚುವ ಗಿಡವೆಂದೊಡನೆ ನೆನಪಾಗುವ ನೆಗ್ಗಿಲು ಬೇರೆ ಕುಟುಂಬದ ಸಸ್ಯ. ಅದರ ಎಲೆ ಹುಣಸೆಯ ಎಲೆಯಂತೆ ಕಿರುಎಲೆಗಳಾಗಿ ಒಡೆದಿದೆ, ಹೂವು ಹಳದಿ, ಕಾಯಿ ಕಲ್ಲಿನಂತೆ ಗಟ್ಟಿ. ಎಲೆಯೊಂದನ್ನು ನೋಡಿದರೆ ಸಾಕು, ಇವೆರಡನ್ನು ಒಂದೆಂದು ಭ್ರಮಿಸಲು ಕಾರಣವಿಲ್ಲ.

ಅಮೆರಿಕದಿಂದಲೇ ಬಂದ ಬಂಧುಗಳು ಇನ್ನೂ ಕೆಲವಿವೆ. ಕೆರೆ ಮತ್ತು ಚರಂಡಿಗಳಲ್ಲಿ ತೇಲುತ್ತ ಹಬ್ಬುವ ಆಲ್ಟರ್ನಾಂಥೆರ ಫಿಲಾಕ್ಸೆರಾಯ್ಡಿಸ್‌ನ ಕಾಂಡ ಟೊಳ್ಳು, ಅದರ ಬಿಳಿ ಹೂಗುಂಡಿಗೆ ಉದ್ದನೆಯ ತೊಟ್ಟಿದೆ, ಮುಳ್ಳಿಲ್ಲ. ಗಾಂಫ್ರೀನ ಸೆರಾಟ ಎಂಬ ರಸ್ತೆಬದಿಯ ಕಳೆಯಲ್ಲಿ ಬಿಳಿ ಗುಂಡುಗಳು ಕಂಕುಳಲ್ಲಿರದೆ ಕೊಂಬೆಯ ತುದಿಯಲ್ಲಿ, ಒಂದು ಜೋಡಿ ಎಲೆಯ ಮೇಲೆ ಕೂತಿದ್ದು, ದಿನ ಕಳೆದಂತೆ ಉದ್ದವಾಗುತ್ತವೆ. ಉದ್ಯಾನಗಳಲ್ಲಿ ಅಂಚು ಕಟ್ಟಲು ಬೆಳೆಸುವ ಕೆಂಪು, ಹಳದಿ ಎಲೆಯ ಗಿಡ್ಡ ಸಸ್ಯಗಳಲ್ಲಿಯೂ ಕೆಲವು ಇದೇ ಆಲ್ಟರ್ನಾಂಥೆರ ಜಾತಿಯವು. ತೋಟಗಾರ ಹಣ ಕೊಟ್ಟು ತಂದು ನೆಡುವುದೂ, ಅದರ ಬುಡದಲ್ಲಿ ಬೆಳೆದದ್ದನ್ನು ಬೈದುಕೊಂಡು ಕೀಳುವುದೂ ಒಂದೇ ಮನೆತನದ ಗಿಡಗಳನ್ನು.

ಬೆಳವಣಿಗೆ ಮತ್ತು ಪ್ರಸರಣ

ಹಸಿರು ಸಸ್ಯಗಳಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡನ್ನು ಹಿಡಿದಿಡಲು ಸಿ3 ಎಂಬ ವಿಧಾನವನ್ನು ಬಳಸುತ್ತವೆ. ಹೊನಗೊನೆಯೂ ಅವುಗಳಲ್ಲಿ ಒಂದು. ಮುಳ್ಳುಹೊನಗೊನೆ ಮಾತ್ರ ಜೋಳ, ಕಬ್ಬುಗಳಂತೆ ಸಿ4 ವಿಧಾನದ್ದು. ಈ ವಿಧಾನದ ಸಸ್ಯಗಳು ಬಿರುಬಿಸಿಲು ಮತ್ತು ಹೆಚ್ಚು ಉಷ್ಣತೆಯಲ್ಲಿಯೂ ಚುರುಕಾಗಿ ಆಹಾರ ತಯಾರಿಸುತ್ತವೆ, ಅಷ್ಟೇ ಬೆಳವಣಿಗೆಗೆ ಕಡಿಮೆ ನೀರು ಖರ್ಚು ಮಾಡುತ್ತವೆ. ಒಂದೇ ಜಾತಿಯ ಎರಡು ಗಿಡಗಳಲ್ಲಿ ಒಂದು ಕಾಲುವೆಯಂಚಿಗೆ, ಇನ್ನೊಂದು ಕಾಯುವ ಅಂಗಳಕ್ಕೆ ಹೊಂದಿಕೊಂಡಿರುವುದರಲ್ಲಿ ಇದರ ಪಾತ್ರವಿದೆ. ಬೇಸಗೆಯಲ್ಲಿ ಮೇಲ್ಭಾಗ ಒಣಗಿದರೂ ತಾಯಿಬೇರು ಜೀವ ಹಿಡಿದು ಮೊದಲ ಮಳೆಗೆ ಮತ್ತೆ ಚಿಗುರುತ್ತದೆ.

ಬೀಜ ಪ್ರಸಾರಕ್ಕೆ ಗಾಳಿ, ಹಕ್ಕಿಗಳ ಹಂಗಿಲ್ಲ. ಚಪ್ಪಲಿಯ ಅಡಿ, ವಾಹನದ ಟೈರು, ನಾಯಿಯ ಪಂಜ, ಕುರಿಯ ಉಣ್ಣೆ ಇವುಗಳಲ್ಲಿ ಸಿಕ್ಕಿಕೊಂಡ ಮುಳ್ಳುಗುಂಡು ದಾರಿಯುದ್ದಕ್ಕೂ ಉದುರುತ್ತ ಹೋಗುತ್ತದೆ. ಗೇಟಿನಿಂದ ಮನೆಬಾಗಿಲವರೆಗಿನ ಹಾದಿ, ವಾಹನ ನಿಲ್ಲಿಸುವ ಜಾಗ, ಆಟದ ಬಯಲಿನ ಅಡ್ಡಹಾದಿಗಳಲ್ಲಿ ಗಿಡ ಸಾಲಾಗಿ ಹುಟ್ಟಿರುವುದನ್ನು ಕಂಡರೆ ಅದು ಬಂದ ದಾರಿ ಯಾವುದೆಂದು ತಿಳಿಯುತ್ತದೆ. ಗೊಬ್ಬರ, ಮಣ್ಣು, ಹುಲ್ಲುಹೆಪ್ಪುಗಳ ಜೊತೆಗೂ ಹೊಸ ತೋಟಕ್ಕೆ ಪ್ರವೇಶಿಸುತ್ತದೆ.

ತೊಂದರೆಗಳು

ಮುಳ್ಳು ಚುಚ್ಚುವುದು ಮೊದಲ ತೊಂದರೆ. ಹುಲ್ಲುಹಾಸಿನಲ್ಲಿ ಹಬ್ಬಿದರೆ ಮಕ್ಕಳು ಆಡಲಾರರು. ಬರಿಗೈಯಲ್ಲಿ ಕಳೆ ಕೀಳುವವರ, ಅಂಗಳ ಬಳಿದು ಸಾರಿಸುವವರ ಬೆರಳಿಗೂ ಮುಳ್ಳು ತಾಗುತ್ತದೆ. ನಾಯಿಗಳು ಕಾಲ್ಬೆರಳ ಸಂದಿನಲ್ಲಿ ಸಿಕ್ಕಿದ ಗುಂಡನ್ನು ಕಚ್ಚಿ ತೆಗೆಯಲು ಹೋಗಿ ಬಾಯಿಗೆ ಚುಚ್ಚಿಸಿಕೊಳ್ಳುತ್ತವೆ. ಕುರಿ ಸಾಕಣೆಯ ನಾಡುಗಳಲ್ಲಿ ಉಣ್ಣೆಯಲ್ಲಿ ಬೆರೆತು ಅದರ ಬೆಲೆ ತಗ್ಗಿಸುತ್ತದೆ. ಆಸ್ಟ್ರೇಲಿಯದಲ್ಲಿ ಇದನ್ನು ಮೇದ ದನಗಳ ಚರ್ಮದ ತೊಂದರೆಗಳಿಗೂ ಕುರಿ, ಹಂದಿಗಳ ಜೀರ್ಣದ ತೊಂದರೆಗಳಿಗೂ ಈ ಗಿಡದ ಮೇಲೆ ಸಂಶಯವಿದೆ.

ಕರ್ನಾಟಕದ ಅಡುಗೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಹೊನಗೊನೆಯ ಹೆಸರು ಇದಕ್ಕೂ ಇರುವುದರಿಂದ ಹೊನಗೊನೆಯ ಗುಣಗಳೆಲ್ಲ ಇದರಲ್ಲಿಯೂ ಇರುತ್ತವೆಂದು ಭಾವಿಸುವುದು ತಪ್ಪು. ಅರ್ಜೆಂಟೀನದಲ್ಲಿ ಇದನ್ನು ಕೋಳಿಯ ಮೂಲಿಕೆ ಎಂಬರ್ಥದ ಹೆಸರಿನಿಂದ ಕರೆದು ಹೊಟ್ಟೆಯ ತೊಂದರೆಗಳಿಗೆ ಕಷಾಯ ಮಾಡಿ ಕುಡಿಯುವ ಜಾನಪದ ಪದ್ಧತಿಯುಂಟು. ಅದು ಗಿಡವನ್ನು ಬಲ್ಲವರ ಔಷಧದ ಬಳಕೆ. ಬಸ್ಸಾರಿನ ಸೊಪ್ಪಿಗೆ ಅದು ಆಧಾರವಾಗದು. ಎಳೆಯ ಹೂಗುಂಡು ಸೊಪ್ಪಿನೊಡನೆ ಬೆರೆತರೆ ಅದರ ಚೂಪು ಎಸಳುಗಳು ಬಾಯಿ, ಗಂಟಲುಗಳಿಗೆ ತಾಗುವ ಅಪಾಯ ಬೇರೆ ಇದೆ.

ಹತೋಟಿ

ಕತ್ತರಿಸುವುದರಿಂದ ಈ ಕಳೆ ನಾಶವಾಗುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರದ ಅಲಗು ಸುತ್ತಲಿನ ಹುಲ್ಲನ್ನು ಗಿಡ್ಡ ಮಾಡಿ, ಅಡಿಯಲ್ಲಿ ಒರಗಿದ ಮುಳ್ಳುಹೊನಗೊನೆಗೆ ಬಿಸಿಲು ಒದಗಿಸುತ್ತದೆ. ಮುಳ್ಳುಗುಂಡುಗಳನ್ನು ಯಂತ್ರವೇ ಮುಂದಿನ ಪಾತಿಗೆ ಹೊತ್ತೊಯ್ಯುತ್ತದೆ. ಕುಡುಗೋಲಿನಿಂದ ಸವರಿದರೆ ಬೇರಿನ ತಲೆಯಿಂದ ಹೊಸ ಕಾಂಡಗಳು ಬರುತ್ತವೆ.

ಮಳೆ ಬಂದು ಮಣ್ಣು ಮೆತ್ತಗಾದ ಮೇಲೆ, ಹೂ ಬಲಿಯುವ ಮೊದಲು, ಕಾಂಡಗಳನ್ನೆಲ್ಲ ಒಟ್ಟುಗೂಡಿಸಿ ಹಿಡಿದು ಗುದ್ದಲಿ ಅಥವಾ ಕಳೆಗೊಕ್ಕೆಯಿಂದ ತಾಯಿಬೇರನ್ನು ಆದಷ್ಟು ಆಳದಿಂದ ಎಬ್ಬಿಸುವುದು ಸರಿಯಾದ ಕ್ರಮ. ಗೆಣ್ಣುಗಳಲ್ಲಿ ಬೇರೂರಿದ ತುಂಡುಗಳು ನೆಲದಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು. ಮುಳ್ಳು ಬಲಿತ ಗಿಡವಾದರೆ ದಪ್ಪ ಕೈಚೀಲ ತೊಟ್ಟು, ಕಿತ್ತದ್ದನ್ನು ನೆಲದ ಮೇಲೆ ಎಳೆದಾಡದೆ ನೇರವಾಗಿ ಗೋಣಿಚೀಲಕ್ಕೆ ಹಾಕಬೇಕು. ಎಳೆದ ದಾರಿಯಲ್ಲೆಲ್ಲ ಬೀಜ ಬಿತ್ತಿದಂತಾಗುತ್ತದೆ. ಅಂಥ ಗಿಡವನ್ನು ಕಾಂಪೋಸ್ಟ್ ಗುಂಡಿಗೆ ಸೇರಿಸಬಾರದು. ಕಿತ್ತ ಜಾಗದಲ್ಲಿ ಉದುರಿ ಉಳಿದ ಗುಂಡುಗಳನ್ನು ಹಳೆಯ ಕಂಬಳಿ ಅಥವಾ ಗೋಣಿತಾಟನ್ನು ನೆಲದ ಮೇಲೆ ಒತ್ತಿ ಎಳೆದು ಎತ್ತಿಕೊಳ್ಳಬಹುದು. ಅಂಟಿಕೊಳ್ಳುವ ಅದರ ಗುಣವೇ ಇಲ್ಲಿ ನೆರವಿಗೆ ಬರುತ್ತದೆ.

ಇದು ಬಿಸಿಲಿನ ಗಿಡವಾದ್ದರಿಂದ ಬೋಳು ನೆಲ ಉಳಿಯದಂತೆ ಹುಲ್ಲು ದಟ್ಟವಾಗಿ ಬೆಳೆಯಲು ಬಿಡುವುದು, ಪಾತಿಗಳಿಗೆ ಒಣ ಎಲೆಯ ಹೊದಿಕೆ ಹಾಕುವುದು ಹೊಸ ಸಸಿಗಳನ್ನು ತಗ್ಗಿಸುತ್ತದೆ. ಕಳೆನಾಶಕ ಸಿಂಪಡಿಸಿದಾಗ ಎಲೆ ಸುಟ್ಟರೂ ದಪ್ಪ ಬೇರಿನಿಂದ ಮತ್ತೆ ಚಿಗುರುವುದುಂಟು. ಪಕ್ಕದಲ್ಲಿಯೇ ಸೊಪ್ಪು ಕೊಯ್ಯುವ ಮನೆಯಂಗಳಕ್ಕೆ ಅದು ತಕ್ಕ ಉಪಾಯವೂ ಅಲ್ಲ. ಒಮ್ಮೆ ಕಿತ್ತ ಜಾಗವನ್ನು ಮುಂದಿನ ಮಳೆಗಾಲದ ಆರಂಭದಲ್ಲಿ, ಸಸಿಗಳು ಇನ್ನೂ ನಾಲ್ಕಾರು ಎಲೆಗಳ ಹಂತದಲ್ಲಿರುವಾಗ, ಮತ್ತೆ ಪರಿಶೀಲಿಸಬೇಕಾಗುತ್ತದೆ. ಆ ಹಂತದಲ್ಲಿ ಬೇರು ಎರಡು ಬೆರಳಿನ ಎಳೆತಕ್ಕೆ ಇಡಿಯಾಗಿ ಬರುತ್ತದೆ.